ಸಣ್ಣ ಧಕ್ಕಾ

ಸಣ್ಣದು ಎಂಬ ಮಾತು ಕಿವಿಗೆ ಬಿದ್ದರೆ ಡಾಬಕಾದ ಸಖುಬಾಯಿಗೆ ಮೈಯೆಲ್ಲ ಉರಿಯುತ್ತಿತ್ತು. ಸಣ್ಣ ಜ್ವರ, ಸಣ್ಣ ಗಾಯ, ಸಣ್ಣ ಜಗಳ ಎಂದರೆ ಹೇಗೋ ಹಲ್ಲು ಕಚ್ಚಿ ತಡೆದುಕೊಂಡಾಳು. ಸಣ್ಣ ಧಕ್ಕಾ ಎಂದರೆ ಮಾತ್ರ ಎದುರಿಗಿದ್ದವರು ಯಾರೇ ಇರಲಿ, ತಾಳಿ ಕಟ್ಟಿದ ಗಂಡನೇ ಇರಲಿ, ಅವರ ಗತಿ ನೆಟ್ಟಗಿರುತ್ತಿರಲಿಲ್ಲ. ಔರಾದ ತಾಲೂಕಿನ ಆ ಗಡಿ ಊರುಗಳಲ್ಲಿ ನೆಲ ನಡುಗುವುದಕ್ಕೆ ಕಂಪನ ಗಿಂಪನ ಎಂದು ಯಾರೂ ಅನ್ನುವುದಿಲ್ಲ. ಧಕ್ಕಾ ಅನ್ನುತ್ತಾರೆ. ಕಿಲ್ಲಾರಿಯ ಭೂಕಂಪವಾದ ವರ್ಷದಿಂದ ಆ ಮಾತು ಅದಕ್ಕೇ ಮೀಸಲಾಗಿದೆ.

ಆ ವರ್ಷ ಸಖುಬಾಯಿಗೆ ಹತ್ತೊಂಬತ್ತು. ಅವಳ ಅಕ್ಕ ಸುಂದರಬಾಯಿಯನ್ನು ಕೊಟ್ಟದ್ದು ರಾಜ್ಯದ ಗಡಿಯಾಚೆ, ಕಿಲ್ಲಾರಿಗೆ ಹತ್ತಿರದ ಒಂದು ಹಳ್ಳಿಗೆ. ಗಣಪತಿ ಕಳಿಸಿದ ಮರುದಿನ ನಸುಕಿನಲ್ಲಿ ದೊಡ್ಡ ಧಕ್ಕಾ ಬಂದಾಗ ಸುಂದರಬಾಯಿ ಕೂಸನ್ನು ಎತ್ತಿಕೊಂಡು ಹೊರಗೋಡಿ ಬದುಕಿಕೊಂಡಳು. ಮೈಮೇಲೆ ಒಂದು ಗೀರೂ ಇರಲಿಲ್ಲ. ಎರಡು ದಿನ ಬಯಲಿನಲ್ಲಿ ಕಳೆದಳು. ಮೂರನೆಯ ದಿನ ಯಾರೋ, ಇನ್ನು ಬರುವುದೆಲ್ಲ ಸಣ್ಣವು ಎಂದರು. ಅವಳು ಕೂಸಿನ ತಲೆಗೆ ಹಾಕುವ ಕುಲಾಯಿ ತರಲೆಂದು ಒಳಗೆ ಹೋದಳು. ಆಗ ಬಂದ ಧಕ್ಕಾ ನಿಜಕ್ಕೂ ಸಣ್ಣದೇ ಆಗಿತ್ತು. ಬಯಲಿನಲ್ಲಿದ್ದ ಎಷ್ಟೋ ಜನರಿಗೆ ಅದು ಬಂದು ಹೋದದ್ದೇ ಗೊತ್ತಾಗಲಿಲ್ಲ. ಮೊದಲೇ ಬಿರುಕು ಬಿಟ್ಟಿದ್ದ ಕಲ್ಲುಗೋಡೆಗೆ ಮಾತ್ರ ಗೊತ್ತಾಯಿತು.

ಅಂದಿನಿಂದ ಸಖುಬಾಯಿ ಮಲಗುವ ಮುಂಚೆ ತಲೆಯ ಹತ್ತಿರ ಒಂದು ಸ್ಟೀಲ್ ಲೋಟವನ್ನು ಬೋರಲು ಹಾಕಿ, ಅದರ ಮೇಲೆ ಇನ್ನೊಂದು ಲೋಟ ಇಡುತ್ತಾಳೆ. ನೆಲ ಅಲುಗಿದರೆ ಮೇಲಿನದು ಬಿದ್ದು ಸದ್ದಾಗಬೇಕು. ಮೂವತ್ತು ವರ್ಷಗಳಲ್ಲಿ ಆ ಲೋಟ ಬೆಕ್ಕಿಗೆ ಬಿದ್ದಿದೆ, ಇಲಿಗೆ ಬಿದ್ದಿದೆ, ಗಂಡ ದತ್ತಾತ್ರಿಯ ಕಾಲು ತಾಗಿ ಲೆಕ್ಕವಿಲ್ಲದಷ್ಟು ಸಲ ಬಿದ್ದಿದೆ. ಮನೆಯವರು ನಕ್ಕರು, ಬೈದರು, ಕೊನೆಗೆ ಸುಮ್ಮನಾದರು. ಮಗಳು ಸಿದ್ದೇಶ್ವರಿಗೂ ಅದೇ ರೂಢಿಯಾಯಿತು.

ಕುರಿಕಾಯುವ ಮನೆಯ ಸಿದ್ದೇಶ್ವರಿ ನರ್ಸಿಂಗ್ ಓದಿ ಸರಕಾರಿ ನೌಕರಿ ಹಿಡಿದಳು. ಆ ಅರ್ಜಿ ತುಂಬಿದ್ದು ಅವಳಿಗೆ ವಿಜ್ಞಾನ ಕಲಿಸಿದ್ದ ನಾಗಸೇನ ಮಾಸ್ತರರು. ಅರ್ಜಿಯೇನೋ ಸರಿಯಾಗಿಯೇ ತುಂಬಿದರು, ನೌಕರಿ ಮಾತ್ರ ರಾಜ್ಯದ ಈ ತುದಿಯಿಂದ ಆ ತುದಿಗೆ, ಕರಾವಳಿಯ ಒಂದು ಬಂದರಿನ ಊರಿಗೆ ಬಂತು. ಆ ಊರಿನ ಹೆಸರು ಸಖುಬಾಯಿಯ ನಾಲಿಗೆಯ ಮೇಲೆ ಹೊರಳದು. ಅವಳು ಸಮುದ್ರದೂರು ಅನ್ನುತ್ತಾಳೆ.

ಹೋದ ಬುಧವಾರ ಆ ಸಮುದ್ರದೂರಿನ ಹಿಂದಿನ ಗುಡ್ಡಗಳ ಕಡೆ ದೊಡ್ಡ ಭೂಕಂಪವಾಯಿತು. ಸಮುದ್ರ ಸುಮ್ಮನಿತ್ತು, ಊರು ನಡುಗಿತು. ಹೆಂಚುಗಳು ಉದುರಿದವು, ಹಳೆಯ ಆಸ್ಪತ್ರೆಯ ಗೋಡೆಗಳು ಸೀಳಿದವು. ಸಿದ್ದೇಶ್ವರಿ ಅರ್ಧ ಗಂಟೆಯಲ್ಲೇ ಫೋನ್ ಮಾಡಿ, ತನಗೇನೂ ಆಗಿಲ್ಲ ಎಂದಳು. ಸಖುಬಾಯಿ ಅಳಲಿಲ್ಲ, ಕೂಗಾಡಲೂ ಇಲ್ಲ. ಮಗಳಿಂದ ಒಂದೇ ಮಾತು ತೆಗೆದುಕೊಂಡಳು.

"ಇನ್ನೊಂದು ಧಕ್ಕಾ ಬಂತಂದ್ರ ನೌಕರಿ ಬಿಟ್ಟು ಮನಿಗಿ ಬರಬೇಕು. ಸಣ್ಣದು ಇರಲಿ, ದೊಡ್ಡದು ಇರಲಿ. ಹೂಂ ಅನ್ನು."

ಸಿದ್ದೇಶ್ವರಿ ಹೂಂ ಎಂದಳು.

ಭಾನುವಾರ ಬೆಳಿಗ್ಗೆ ಸಖುಬಾಯಿ ತಾಯಿ ಸತ್ತ ಕುರಿಮರಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತ ಕುಳಿತಿದ್ದಾಗ ಫೋನ್ ಬಂತು. ಮಗಳ ದನಿ ಹರಿದು ಹರಿದು ಬರುತ್ತಿತ್ತು. ಹಿಂದೆ ಬಹಳ ಜನರ ಗದ್ದಲ.

"ಅವ್ವಾ, ನಾ ಧಕ್ಕೆದಾಗ ಇದ್ದೀನಿ. ಗಾಬ್ರಿ ಆಗಬ್ಯಾಡ, ನಾ..."

ಅಷ್ಟೇ. ಫೋನ್ ಕಡಿಯಿತು. ತಿರುಗಿ ಹಚ್ಚಿದರೆ ಅದೇ ಹೆಂಗಸು, ಎಂದೂ ಸಿಟ್ಟಿಗೇಳದ ಆ ಹೆಂಗಸು, ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಳು. ಹತ್ತು ಸಲ ಹಚ್ಚಿದರೆ ಹತ್ತು ಸಲವೂ ಅದನ್ನೇ ಹೇಳಿದಳು. ಸಖುಬಾಯಿ ಅವಳಿಗೂ ನಾಲ್ಕು ಮಾತು ಬೈದಳು. ಅಷ್ಟರಲ್ಲಿ ಮೈದುನನ ಹೆಂಡತಿ ಶೀತಲ ಮೊಬೈಲ್ ಹಿಡಿದು ಓಡಿಬಂದು, ಸಮುದ್ರದೂರಿಗೆ ಬೆಳಿಗ್ಗೆ ಏಳಕ್ಕೆ ಮತ್ತೆ ಧಕ್ಕಾ ಬಂದಿದೆಯಂತೆ ಎಂದಳು. ಹೇಳಿ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಸಣ್ಣದಂತೆ, ಅಕ್ಕ, ಎಂದು ಸೇರಿಸಿದಳು.

ಸಖುಬಾಯಿ ಹಾಲಿನ ಬಾಟಲಿಯನ್ನು ಅವಳ ಕೈಗೆ ತುರುಕಿ ಎದ್ದಳು. ಗಂಡ ಚಿಂತಾಕಿಯ ಕಡೆ ಯಾರದೋ ಹೊಲದಲ್ಲಿ ಕುರಿ ಕೂಡಿಸಿಕೊಂಡಿದ್ದ. ಫೋನ್ ಮಾಡಿದರೆ ಸಂಜೆಯ ತನಕ ನೋಡೋಣ, ಸಣ್ಣದು ಅನ್ನಲಕತ್ತಾರಲ್ಲ ಎಂದ. ನೀವು ಕುರಿ ನೋಡಿಕೊಂಡು ಕೂಡ್ರಿ ಎಂದು ಫೋನ್ ಇಟ್ಟಳು. ಮಗಳು ತನ್ನ ಬಾಯಿಂದಲೇ ಧಕ್ಕಾದಲ್ಲಿ ಇದ್ದೇನೆ ಎಂದಿದ್ದಾಳೆ. ಇನ್ನು ಯಾರನ್ನು ಏನು ಕೇಳುವುದು? ಮೂವತ್ತು ವರ್ಷಗಳ ಹಿಂದೆ ಸಂಜೆಯ ತನಕ, ನಾಳೆಯ ತನಕ ಎಂದು ಮನೆಯವರೆಲ್ಲ ನೋಡುತ್ತಲೇ ಇದ್ದು, ಸುಂದರಬಾಯಿಯ ಊರಿಗೆ ಹೋದಾಗ ಗೋಡೆಯ ಕಲ್ಲುಗಳನ್ನು ಆಗಲೇ ಎತ್ತಿ ಒಂದು ಕಡೆ ಒಟ್ಟಿದ್ದರು. ಈ ಸಲ ಅವಳು ಯಾರ ಮಾತಿಗೂ ಕಾಯುವವಳಲ್ಲ. ಹೋಗುವುದು, ಮಗಳ ರಟ್ಟೆ ಹಿಡಿದು ಕರೆದುಕೊಂಡು ಬರುವುದು. ಒಂದು ಕಂಬಳಿ, ನಾಲ್ಕು ಜೋಳದ ರೊಟ್ಟಿ, ಆಧಾರ್ ಕಾರ್ಡ್ ಚೀಲಕ್ಕೆ ಹಾಕಿಕೊಂಡು ಟಂಟಂ ಆಟೊ ಹತ್ತಿದಳು.

ಔರಾದಿನಲ್ಲಿ ಟಂಟಂ ಇಳಿಯುವುದಕ್ಕೂ ಬೀದರ್ ಬಸ್ಸು ಗೇಟು ದಾಟುವುದಕ್ಕೂ ಸರಿಹೋಯಿತು. ಕೈಬೀಸಿ ಓಡಿದಳು, ಡ್ರೈವರ್ ಕನ್ನಡಿಯಲ್ಲಿ ನೋಡಿಯೂ ನಿಲ್ಲಿಸಲಿಲ್ಲ. ಮುಂದಿನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿದೆ, ಯಾವಾಗ ಬರುತ್ತದೋ ಹೇಳಲಾಗದು ಎಂದು ನಿಲ್ದಾಣದವರು ಹೇಳಿದರು. ಭಾಲ್ಕಿ ಬಸ್ಸು ಹೊರಟಿದೆ, ಅಲ್ಲಿಂದ ಬೀದರಿಗೆ ಬೇಕಾದಷ್ಟು ಬಸ್ಸುಗಳಿವೆ ಎಂದೂ ಹೇಳಿದರು. ಹೋಗಬೇಕಾದ ದಾರಿ ಒಂದು, ಹಿಡಿದದ್ದು ಇನ್ನೊಂದು. ಬಸ್ಸಿನಲ್ಲಿ ಕಂಡಕ್ಟರ್ ಅವಳ ಆಧಾರ್ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ನಿಮ್ಮದೇ ಫೋಟೊ ಏನ್ರಿ ಎಂದ. ಇವತ್ತು ನನ್ನ ಮುಖ ನನಗೇ ಗುರ್ತು ಸಿಗವಲ್ದು, ನೀ ಚೀಟಿ ಹರಿ ಎಂದಳು. ಅವನು ತೆಪ್ಪಗೆ ಚೀಟಿ ಹರಿದು ಕೊಟ್ಟ.

ಭಾಲ್ಕಿಯಲ್ಲಿ ಬೇಕಾದಷ್ಟು ಬಸ್ಸುಗಳಿದ್ದವು, ಬೀದರಿನದೊಂದು ಬಿಟ್ಟು. ಬಿಸಿಲಿನಲ್ಲಿ ಒಂದು ತಾಸು ನಿಂತಳು. ನಿಂತಲ್ಲಿಂದಲೇ ಮಗಳಿಗೆ ಹಚ್ಚಿದಳು, ವ್ಯಾಪ್ತಿ ಪ್ರದೇಶದ ಹೆಂಗಸು ಎತ್ತಿದಳು. ಚಹಾದಂಗಡಿಯ ಟೀವಿಯಲ್ಲಿ ಸಮುದ್ರದೂರಿನ ಸುದ್ದಿ ಬರುತ್ತಿತ್ತು. ಚಹಾ ಕುಡಿಯುತ್ತಿದ್ದ ಇಬ್ಬರು ಅದನ್ನು ನೋಡಿ, ಏ ಇದು ಸಣ್ಣದು ಬಿಡು ಎಂದು ಮಾತಾಡಿಕೊಂಡರು. ಸಖುಬಾಯಿ ಅವರನ್ನು ನೋಡಿದ ನೋಟಕ್ಕೆ ಒಬ್ಬನ ಕೈಯ ಚಹಾ ತುಳುಕಿತು. ಅಷ್ಟು ದೂರದ ಧಕ್ಕಾ ಭಾಲ್ಕಿಯ ಚಹಾದಂಗಡಿಯ ತನಕ ಬಂದದ್ದು ಹೀಗೆ.

ಬೀದರಿನ ಚಿದ್ರಿಯಲ್ಲಿ ನಾಗಸೇನ ಮಾಸ್ತರರ ಮನೆ. ಅವರು ಚಿಂತಾಕಿಯವರು, ಮಕ್ಕಳ ಓದಿಗೆಂದು ಅಲ್ಲಿ ಮನೆ ಮಾಡಿದ್ದರು. ರಜೆಯ ದಿನ ಊಟ ಮುಗಿಸಿ ಕೈತೊಳೆಯುತ್ತಿದ್ದಾಗ ಸಖುಬಾಯಿ ಬಾಗಿಲಲ್ಲಿ ನಿಂತಳು. ಮಾಸ್ತರರ ಹೆಂಡತಿ ಮಹಾಮಾಯಾ ನೀರು ತಂದುಕೊಟ್ಟರೆ ಚೊಂಬನ್ನು ಪಕ್ಕಕ್ಕಿಟ್ಟಳು.

"ಅರ್ಜಿ ನೀವೇ ತುಂಬಿದ್ರಿ ಸರ್. ಈಗ ನೌಕರಿ ಬ್ಯಾಡಂತ ಕಾಗದನೂ ನೀವೇ ಬರೀರಿ. ಬರದು ಕೊಡೋ ತನಕ ನಾ ನೀರು ಮುಟ್ಟಲ್ಲ."

ನಾಗಸೇನ ಅವಳನ್ನು ಕೂಡಿಸಿ ಸಮಾಧಾನ ಹೇಳಿದರು. ದೊಡ್ಡ ಭೂಕಂಪದ ನಂತರ ನೆಲ ಸರಿದು ಕೂಡುವಾಗ ಇಂಥವು ಬರುತ್ತವೆ, ಬರಬರುತ್ತ ಬಲ ಕಡಿಮೆಯಾಗುತ್ತದೆ, ಇವತ್ತಿನದರ ಅಳತೆ ಬುಧವಾರದ್ದಕ್ಕಿಂತ ಎಷ್ಟೋ ಕಡಿಮೆ ಎಂದು ತರಗತಿಯಲ್ಲಿ ಹೇಳುವ ಹಾಗೆಯೇ ಬಿಡಿಸಿ ಹೇಳಿದರು. ಎಲ್ಲವೂ ನಿಜವೇ. ಅದಕ್ಕೇ ಸಖುಬಾಯಿಗೆ ಇನ್ನಷ್ಟು ಸಿಟ್ಟು ಬಂತು.

"ಅಳತಿ ನಿಮಗ ಗೊತ್ತದ ಸರ್. ಸೀಳಿದ ಗ್ವಾಡಿಗಿ ಗೊತ್ತಿರ್ತದೇನು?"

ಮಾಸ್ತರರು ಸಮುದ್ರದೂರಿನ ಸಹಾಯವಾಣಿಯ ನಂಬರ್ ಹುಡುಕಿ ಹಚ್ಚಿದರು. ಆರು ಸಲ ಕಾರ್ಯನಿರತವಾಗಿದೆ ಎಂದಿತು, ಏಳನೆಯ ಸಲಕ್ಕೆ ಒಬ್ಬ ಹುಡುಗಿ ಎತ್ತಿದಳು. ಪುಸ್ತಕದಲ್ಲಿ ಅಚ್ಚಾದ ಹಾಗಿನ ಕನ್ನಡ. ನಾಗಸೇನ ಸ್ಪೀಕರ್ ಹಾಕಿ, ಆಸ್ಪತ್ರೆಯ ಸಿದ್ದೇಶ್ವರಿ ಎಂಬ ನರ್ಸ್ ಎಲ್ಲಿದ್ದಾರೆ ಎಂದು ಕೇಳಿದರು.

"ಬೀದರಿನ ಸಿಸ್ಟರ್ ಅಲ್ಲವೇ? ಬುಧವಾರದಿಂದ ಧಕ್ಕೆಯಲ್ಲೇ ಇದ್ದಾರೆ. ರೋಗಿಗಳೂ ಧಕ್ಕೆಯಲ್ಲೇ ಇದ್ದಾರೆ. ಏನೂ ತೊಂದರೆ ಇಲ್ಲ, ನೀವು ಚಿಂತೆ ಮಾಡಬೇಡಿ."

ಸಖುಬಾಯಿಗೆ ಪಿತ್ತ ನೆತ್ತಿಗೇರಿತು. ಬುಧವಾರದಿಂದ ಧಕ್ಕಾದಲ್ಲೇ ಇದ್ದಾರಂತೆ, ರೋಗಿಗಳೂ ಇದ್ದಾರಂತೆ, ತೊಂದರೆ ಮಾತ್ರ ಇಲ್ಲವಂತೆ. ನಿನ್ನನ್ನ ಅಲ್ಲಿ ನಿಲ್ಲಿಸಿದರ ತಿಳೀತದ ಎಂದು ಅವಳು ಫೋನಿಗೆ ಬಾಯಿ ಹಾಕುವಷ್ಟರಲ್ಲಿ ಆ ಹುಡುಗಿ ಮುಂದಿನ ಕರೆಗೆ ಹೋಗಿಬಿಟ್ಟಿದ್ದಳು. ನಾಗಸೇನರಿಗೂ ಅರ್ಥವಾಗಲಿಲ್ಲ. ಮೊಬೈಲಿನಲ್ಲಿ ಸುದ್ದಿ ತೆರೆದರೆ ಅಲ್ಲಿ ಇನ್ನೂ ವಿಚಿತ್ರವಾಗಿತ್ತು. ಬೆಳಗಿನ ಲಘು ಕಂಪನದಿಂದ ಧಕ್ಕೆಗೆ ಯಾವುದೇ ಧಕ್ಕೆಯಾಗಿಲ್ಲ ಎಂದು ಬರೆದಿದ್ದರು. ಅವರು ಎರಡು ಸಲ ಓದಿದರು. ಧಕ್ಕೆ ಎಂದರೆ ಹಾನಿ ಎಂದು ಮಕ್ಕಳಿಗೆ ಹೇಳಿಕೊಟ್ಟವರು ಅವರು. ಹಾನಿಗೆ ಹಾನಿಯಾಗಿಲ್ಲ ಎಂದರೆ ಏನು? ಬರೆದವರ ತಪ್ಪಿರಬೇಕು ಎಂದರು. ಸಖುಬಾಯಿ, ಓದಿದವರೆಲ್ಲ ಸೇರಿ ನನ್ನನ್ನು ಹುಚ್ಚಿ ಮಾಡಲಕತ್ತೀರಿ ಎಂದಳು.

ಕೊನೆಗೆ ಮಾಸ್ತರರು ಕಾಗದ ಬರೆದರು. ಕೌಟುಂಬಿಕ ಕಾರಣಗಳಿಂದ ನೌಕರಿಗೆ ರಾಜೀನಾಮೆ ನೀಡುತ್ತಿದ್ದೇನೆ ಎಂದು ನಾಲ್ಕು ಸಾಲು. ಸಿದ್ದೇಶ್ವರಿಯ ಸಹಿಗೆ ಕೆಳಗೆ ಜಾಗ ಬಿಟ್ಟರು. ಬರೆಯುವಾಗ ಅವರ ಮುಖ ಸಣ್ಣದಾಗಿತ್ತು. ಆ ಹುಡುಗಿಯ ನೌಕರಿಯ ಆದೇಶ ಬಂದ ದಿನ ಊರಿಗೆ ಪೇಢೆ ಹಂಚಿದವರು ಅವರೇ. ಸಖುಬಾಯಿ ಕಾಗದ ಮಡಿಸಿ ರೊಟ್ಟಿಯ ಗಂಟಿನೊಳಗಿಟ್ಟು, ನೀರು ಕುಡಿದಳು.

ಸ್ಕೂಟರಿನ ಮೇಲೆ ಅವಳನ್ನು ಕೂಡಿಸಿಕೊಂಡು ನಾಗಸೇನ ಬಸ್ ನಿಲ್ದಾಣಕ್ಕೆ ಬಂದರು. ಕರಾವಳಿಯ ಕಡೆಯ ಬಸ್ಸು ಸಂಜೆ ಐದಕ್ಕೆ ಹೊರಡಬೇಕು. ಕಿಟಕಿಯೊಳಗಿದ್ದವನು ಇವತ್ತು ಆ ಬಸ್ಸು ಇಲ್ಲ ಎಂದ. ಬೆಳಗಿನ ಕಂಪನಕ್ಕೆ ಘಾಟಿನಲ್ಲಿ ಮಣ್ಣು ಜಾರಿ ರಸ್ತೆ ಬಂದಾಗಿದೆಯಂತೆ, ನಾಳೆಯೋ ನಾಡಿದ್ದೋ ಬಿಡುತ್ತಾರಂತೆ.

"ಎಲ್ಲಾರೂ ಸಣ್ಣದು ಅಂತೀರಿ," ಎಂದಳು ಸಖುಬಾಯಿ. "ಸಣ್ಣದು ಇದ್ರ ಬಸ್ ಯಾಕ ನಿಂತದ?"

ಕಿಟಕಿಯವನು ಇದು ತನ್ನ ಕೆಲಸವಲ್ಲ ಎನ್ನುವ ಹಾಗೆ ಮುಂದಿನವರ ಕಡೆ ನೋಡಿದ. ಅವಳು ಕಲ್ಲುಬೆಂಚಿನ ಮೇಲೆ ಕುಸಿದು ಕುಳಿತಳು. ಬೆಳಗಿನಿಂದ ಇಡೀ ತಾಲೂಕು, ಇಡೀ ಜಿಲ್ಲೆ ಅವಳ ಎದುರು ಕೈ ಅಡ್ಡ ಹಿಡಿದು ನಿಂತ ಹಾಗಾಗಿತ್ತು. ಸಿಟ್ಟು ಮಾಡಲೂ ತ್ರಾಣ ಉಳಿದಿರಲಿಲ್ಲ. ಈ ಸಲವೂ ತಡವಾಯಿತು ಎನ್ನುವುದೊಂದೇ ತಲೆಯಲ್ಲಿ ತಿರುಗುತ್ತಿತ್ತು.

ಆಗ ಫೋನ್ ಬಂತು. ಸಿದ್ದೇಶ್ವರಿ. ಈಗ ದನಿ ಪಕ್ಕದಲ್ಲಿ ಕುಳಿತು ಮಾತಾಡಿದಷ್ಟು ನಿಚ್ಚಳವಾಗಿತ್ತು. ಟವರ್ ಕೆಟ್ಟಿತ್ತು, ಈಗಷ್ಟೇ ಸರಿಯಾಯಿತು ಎಂದಳು. ಸಖುಬಾಯಿಗೆ ಎದೆಯ ಮೇಲಿನ ಭಾರ ಇಳಿಯಿತು. ಇಳಿದದ್ದೇ ತಡ, ಬೆಳಗಿನಿಂದ ಕೂಡಿಟ್ಟ ಸಿಟ್ಟೆಲ್ಲ ಮಗಳ ಮೇಲೆ ಸುರಿಯಿತು. ಧಕ್ಕಾದಾಗ ಇದ್ದೀನಿ ಅಂತ ಹೇಳಿ ಫೋನ್ ಇಡುವುದು ಯಾವ ಬುದ್ಧಿ, ನಾನು ಸತ್ತಿದ್ದರೆ ಯಾರು ಹೊಣೆ ಎಂದು ಒಂದೇ ಉಸಿರಿನಲ್ಲಿ ಕೇಳಿದಳು. ಆ ಕಡೆಯಿಂದ ಸಿದ್ದೇಶ್ವರಿಯ ದಣಿದ ನಗು ಕೇಳಿಸಿತು.

"ಅವ್ವಾ, ಧಕ್ಕಾ ಅಲ್ಲ. ಧಕ್ಕೆ. ನೂರು ಬೋಟು ಬಂದು ನಿಲ್ತಾವಲ್ಲ, ಮೀನು ಇಳಸ್ತಾರಲ್ಲ, ಸಮುದ್ರದ ದಂಡಿಗಿ ಕಟ್ಟಿದ ದೊಡ್ಡ ಕಟ್ಟಿ. ಇಲ್ಲಿ ಅದಕ್ಕ ಧಕ್ಕೆ ಅಂತಾರ. ನಾ ಅಲ್ಲಿ ಇದ್ದೀನಿ ಅಂತ ಹೇಳಿದೆ."

ಪಕ್ಕದಲ್ಲಿ ನಿಂತು ಕೇಳುತ್ತಿದ್ದ ನಾಗಸೇನ ಹಣೆ ಬಡಿದುಕೊಂಡರು. ಧಕ್ಕೆಗೆ ಧಕ್ಕೆಯಾಗಿಲ್ಲ ಎಂಬುದು ಈಗ ಅವರಿಗೆ ತಿಳಿಯಿತು. ಸಖುಬಾಯಿಗೆ ನಗು ಬರಲಿಲ್ಲ. ದೋಣಿ ನಿಲ್ಲುವ ಕಟ್ಟೆಗೆ ಇಡೀ ಲೋಕದಲ್ಲಿ ಬೇರೆ ಹೆಸರೇ ಸಿಗಲಿಲ್ಲವೇ ಎನಿಸಿತು. ಅವಳು ಪಟ್ಟು ಬಿಡಲಿಲ್ಲ. ಅದು ಕಟ್ಟೆಯೇ ಇರಲಿ, ಮತ್ತೊಂದೇ ಇರಲಿ, ಬೆಳಿಗ್ಗೆ ಧಕ್ಕಾ ಬಂದದ್ದು ಸುಳ್ಳೇನು? ಮಾತು ಕೊಟ್ಟದ್ದು ಸುಳ್ಳೇನು? ಕಾಗದ ಬರೆಸಿ ಇಟ್ಟುಕೊಂಡಿದ್ದೇನೆ, ಸಹಿ ಮಾಡಿ ಬಾ ಎಂದಳು.

ಸಿದ್ದೇಶ್ವರಿ ಆಗುವುದಿಲ್ಲ ಎನ್ನಲಿಲ್ಲ. ಅಂದಿದ್ದರೆ ಜಗಳಾಡಬಹುದಿತ್ತು. ಅವಳು ನಡೆದದ್ದನ್ನು ಹೇಳಿದಳು. ಆಸ್ಪತ್ರೆಯ ಗೋಡೆ ಸೀಳಿದ ಮೇಲೆ ರೋಗಿಗಳನ್ನೆಲ್ಲ ಧಕ್ಕೆಯ ಮೇಲೆ ತಂದು ಮಲಗಿಸಿದ್ದಾರೆ. ಅಲ್ಲಿ ಮೇಲೆ ಬಟ್ಟೆಯ ಪೆಂಡಾಲು, ಸುತ್ತ ಒಂದೂ ಗೋಡೆ ಇಲ್ಲ. ಅವಳ ತಲೆದೆಸೆಯಲ್ಲಿ ಲೋಟದ ಮೇಲೆ ಲೋಟ. ಬೆಳಿಗ್ಗೆ ಹತ್ತು ಹನ್ನೆರಡು ಜನ ತಮ್ಮ ಸಾಮಾನು ತರುತ್ತೇವೆಂದು ಹಳೆಯ ಕಟ್ಟಡದೊಳಗೆ ಹೋಗಿದ್ದರು. ಲೋಟ ಬಿದ್ದ ಸದ್ದಿಗೆ ಅವಳು ಓಡಿಹೋಗಿ ಬೈದು, ಎಳೆದು ಎಲ್ಲರನ್ನೂ ಹೊರಗೆ ತಂದಳು. ಆದರೆ ಏನೂ ಬೀಳಲಿಲ್ಲ. ಒಂದು ಹೆಂಚೂ ಬೀಳಲಿಲ್ಲ. ಈಗ ಎಲ್ಲರೂ ಅವಳ ಮೇಲೆಯೇ ಮುನಿದಿದ್ದಾರೆ. ಬಿಸಿಲು ತಾಳಲಾಗದು, ಮೀನಿನ ವಾಸನೆ ತಾಳಲಾಗದು, ಒಳಗೆ ಹೋಗುತ್ತೇವೆ ಅನ್ನುತ್ತಿದ್ದಾರೆ.

"ಸಣ್ಣದು ಸಣ್ಣದು ಅಂತಾರ ಅವ್ವಾ. ಹೇಳಿ ಹೇಳಿ ನನ್ನ ತಲಿ ಕೆಟ್ಟದ. ನಾ ಬಂದುಬಿಟ್ರ ಇವ್ರನ್ನ ತಡಿಯೋರು ಯಾರೂ ಇಲ್ಲ. ಖರೆ, ನಿನಗ ಮಾತು ಕೊಟ್ಟೀನಿ. ನೀ ಬಾ ಅಂದ್ರ ಬರ್ತೇನಿ."

ಸಖುಬಾಯಿ ರೊಟ್ಟಿಯ ಗಂಟಿನ ಮೇಲೆ ಕೈಯಿಟ್ಟಳು. ಬಾ ಎನ್ನುವ ಒಂದೇ ಅಕ್ಷರಕ್ಕಾಗಿ ಬೆಳಗಿನಿಂದ ಮೂರು ಊರು ಸುತ್ತಿದ್ದಳು. ಮಗಳು ಅದನ್ನು ಅವಳ ಕೈಗೇ ಕೊಟ್ಟಿದ್ದಳು. ಮಗಳ ದನಿಯಲ್ಲಿದ್ದ ಆ ಸಿಟ್ಟು, ಆ ಬೇಸರ ಅವಳಿಗೆ ಚೆನ್ನಾಗಿ ಗೊತ್ತು. ಅದು ಅವಳದೇ. ಅವತ್ತು ಸುಂದರಬಾಯಿಯ ಬಾಗಿಲಿಗೆ ಅಡ್ಡ ನಿಂತು, ಕುಲಾಯಿ ಹಾಳಾಗಿ ಹೋಗಲಿ, ಒಳಗೆ ಕಾಲಿಡಬೇಡ ಎಂದು ಅರಚುವವರು ಒಬ್ಬರೂ ಇರಲಿಲ್ಲ. ಇದ್ದಿದ್ದರೆ ಸುಂದರಬಾಯಿ ಅವರ ಮೇಲೆ ಮುನಿಯುತ್ತಿದ್ದಳು. ಮುನಿದುಕೊಂಡು ಇವತ್ತಿಗೂ ಬದುಕಿರುತ್ತಿದ್ದಳು.

"ಫೋನ್ ದೊಡ್ಡ ಆವಾಜಿಗಿ ಹಾಕು," ಎಂದಳು.

ಸಿದ್ದೇಶ್ವರಿ ಹಾಕಿದಳು. ಜನರ ಗದ್ದಲ, ಗಾಳಿ, ಎಲ್ಲೋ ಬೋಟಿನ ಎಂಜಿನ್ನು ಕೇಳಿಸಿದವು. ಸಖುಬಾಯಿ ಬೆಂಚಿನಿಂದ ಎದ್ದು ನಿಂತಳು. ಗುಡ್ಡದಾಚೆಯ ಕುರಿಗಳನ್ನು ಕೂಗಿ ಕರೆಯುವ ದನಿ ಅವಳದು. ನಿಲ್ದಾಣದ ಜನವೆಲ್ಲ ತಿರುಗಿ ನೋಡಿತು.

"ಕೇಳ್ರಿ ಎಲ್ಲಾರೂ. ನಾ ಇಕಿ ಅವ್ವ ಮಾತಾಡ್ಲಕತ್ತೀನಿ. ನನ್ನ ಅಕ್ಕ ದೊಡ್ಡ ಧಕ್ಕಾಕ್ಕ ಸತ್ತಿಲ್ರಿ, ಸಣ್ಣದಕ್ಕ ಸತ್ತಾಳ. ಕೂಸಿನ ಕುಲಾಯಿ ತರ್ತೇನಿ ಅಂತ ಒಳಗ ಹೋಗಿದ್ಳು. ಯಾರೂ ಒಳಗ ಹೋಗಬ್ಯಾಡ್ರಿ. ಧಕ್ಕೆದಾಗೇ ಇರ್ರಿ."

ಆ ಕಡೆ ಗದ್ದಲ ಸ್ವಲ್ಪ ತಗ್ಗಿತು. ಅವಳ ಬೀದರ್ ಮಾತು ಅವರಿಗೆ ಎಷ್ಟು ತಿಳಿಯಿತೋ ಯಾರಿಗೆ ಗೊತ್ತು. ಯಾವುದೋ ಮುದುಕಿಯ ದನಿ ಏನೋ ಕೇಳಿತು, ಸಿದ್ದೇಶ್ವರಿ ಅದಕ್ಕೆ ಏನೋ ಹೇಳಿದಳು. ಸಖುಬಾಯಿ ಇನ್ನೂ ನಿಂತೇ ಇದ್ದಳು. ಈಗ ಮೆಲ್ಲಗೆ, ಮಗಳಿಗೊಬ್ಬಳಿಗೇ ಹೇಳಿದಳು.

"ನೀನೂ ಅಲ್ಲೇ ಇರು. ಎಲ್ಲಾರೂ ಗಟ್ಟಿ ಮನಿಗಿ ಹೋಗೋ ತನಕ ಧಕ್ಕೆ ಬಿಟ್ಟು ಬರಬ್ಯಾಡ."

ಫೋನ್ ಇಟ್ಟ ಮೇಲೆ ರೊಟ್ಟಿಯ ಗಂಟು ಬಿಚ್ಚಿ ಕಾಗದವನ್ನು ನಾಗಸೇನರಿಗೆ ತಿರುಗಿ ಕೊಟ್ಟಳು. ಅದಕ್ಕೆ ರೊಟ್ಟಿಯ ಹಿಟ್ಟು ಹತ್ತಿತ್ತು. ಮಾಸ್ತರರು ಅದನ್ನು ಜೇಬಿಗಿಟ್ಟುಕೊಂಡು, ರಾತ್ರಿ ನಮ್ಮಲ್ಲಿಯೇ ಇರ್ರಿ ಅಕ್ಕಾ ಎಂದರು. ಮರಿಗೆ ಹಾಲು ಕುಡಿಸಬೇಕು, ಶೀತಲಳಿಗೆ ಬಾಟಲಿ ಹಿಡಿಯಲು ಬರುವುದಿಲ್ಲ ಎಂದಳು. ಔರಾದ ಬಸ್ಸು ಹೋಗಿಬಿಟ್ಟಿತ್ತು. ಮತ್ತೆ ಭಾಲ್ಕಿಯ ಮೇಲೆಯೇ ಹೋಗಬೇಕಾಯಿತು. ಇವತ್ತಿನ ದಿನದಲ್ಲಿ ಅದೊಂದು ಬಾಕಿ ಇತ್ತು ಎಂದುಕೊಂಡು ಹತ್ತಿ ಕುಳಿತಳು.

ಪಕ್ಕದಲ್ಲಿ ಇಮಾಮಬೀ ಎಂಬ ಭಾಲ್ಕಿಯ ಹೆಂಗಸು ಕುಳಿತಿದ್ದಳು. ಸಖುಬಾಯಿಗಿಂತ ಹತ್ತು ವರ್ಷ ಹಿರಿಯಳು, ಮಾತಿನ ಮನುಷ್ಯಳು. ಬಸ್ಸು ಊರು ದಾಟುವಷ್ಟರಲ್ಲಿ ಎಲ್ಲಿಂದ ಬಂದಿ, ಯಾಕೆ ಬಂದಿ ಎಂದೆಲ್ಲ ಕೇಳಿದಳು. ಮಗಳನ್ನು ಕರೆದುಕೊಂಡು ಬರಲು ಹೊರಟಿದ್ದೆ ಎಂದಳು ಸಖುಬಾಯಿ.

"ಎಲ್ಲಿ ಅದಾಳಮ್ಮಾ ಮಗಳು?"

"ಧಕ್ಕೆದಾಗ ಅದಾಳ."

ಇಮಾಮಬೀ ಎದೆಯ ಮೇಲೆ ಕೈಯಿಟ್ಟುಕೊಂಡಳು. ಕಿಲ್ಲಾರಿಯ ಭೂಕಂಪದ ವರ್ಷ ತಿಂಗಳುಗಟ್ಟಲೆ ಬೀದಿಯಲ್ಲಿ ಮಲಗಿದ ಭಾಲ್ಕಿಯವಳು ಅವಳು. ಬಾಗಿ, ತಗ್ಗಿದ ದನಿಯಲ್ಲಿ ಕೇಳಿದಳು.

"ಯಾ ಅಲ್ಲಾ. ಸಣ್ಣದೇನಮ್ಮಾ, ದೊಡ್ಡದಾ?"

ಬೆಳಗಿನಿಂದ ಆ ಮಾತಿಗೆ ಕಾದು ಕುಳಿತವಳ ಹಾಗೆ ಸಖುಬಾಯಿ ಅವಳ ಮುಖ ನೋಡಿದಳು. ಸಿಟ್ಟು ಬರಲಿಲ್ಲ.

"ದೊಡ್ಡದು ಅದ ಅಂತರೀ," ಎಂದಳು. "ನೂರು ಬೋಟು ನಿಲ್ತಾವಂತ."

ಇಮಾಮಬೀ ಏನೂ ತಿಳಿಯದೆ ಅವಳನ್ನೇ ನೋಡುತ್ತಿದ್ದಳು. ಸಖುಬಾಯಿ ಕಿಟಕಿಯ ಕಡೆ ತಿರುಗಿ, ಕಂಬಳಿಯ ಅಂಚನ್ನು ಬಾಯಿಗೆ ಒತ್ತಿಕೊಂಡು, ಆ ದಿನ ಮೊದಲ ಸಲ ಅತ್ತಳು.